ಫಕ್ಕೀರೇಶ ಕಂಡದ್ದು

ಮಲಪ್ರಭೆಯ ದಂಡೆಯ ಮೇಲೆ ಅಡಿವೆಪ್ಪ ಮಾಸ್ತರರ ಪ್ರಯೋಗಶಾಲೆ ಇತ್ತು. ಮೂರು ಕೋಣೆ, ಒಂದು ಯಂತ್ರ, ನಾಲ್ವರು ಶಿಷ್ಯರು.

ಈ ಕಥೆ ಶುರುವಾಗುವ ಹೊತ್ತಿಗೆ ಮೂವರು.

ನಾಲ್ಕನೆಯವನು ಫಕ್ಕೀರೇಶ. ಗುಳೇದಗುಡ್ಡದಲ್ಲಿ ಖಣ ಎಂಬ ಕುಬಸದ ಬಟ್ಟೆ ನೇಯುವ ಮನೆಯ ಹುಡುಗ. ಶ್ರಾವಣದಲ್ಲಿ ಜ್ವರ ಬಂದು ಆರನೆಯ ದಿನ ತೀರಿಕೊಂಡ. ವಯಸ್ಸು ಇಪ್ಪತ್ತಾರು.

ತಿಂಗಳು ಕಳೆದ ಮೇಲೆ ಅವನ ತಾಯಿ ಸಂಗವ್ವ ಬಸ್ಸಿನಲ್ಲಿ ಬಂದಳು. ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೊರಗೇ ನಿಂತಳು.

"ಮಾಸ್ತರ್ರ, ನನ್ನ ಮಗ ಜ್ವರ ಬಂದ ದಿನ ಫೋನ್ ಮಾಡಿದ್ದ. ಅವ್ವಾ, ಇವತ್ತ ಹೊಸಾದು ಹಿಡದೀನಿ, ಚಿತ್ರ ಆದಮ್ಯಾಲೆ ತಂದು ತೋರಸ್ತೀನಿ ಅಂದ. ಅದನ್ನ ನೋಡೂಣಂತ ಬಂದೆ."

"ಅದು ಇನ್ನೂ ಚಿತ್ರ ಆಗಿಲ್ಲವ್ವಾ."

"ಹಿಡದೀನಿ ಅಂದಿದ್ದನಲ್ರಿ?"

"ಹಿಡದದ್ದು ಖರೇ. ಚಿತ್ರ ಆಗಿಲ್ಲ."

ಮಾಸ್ತರರು ಅವಳನ್ನು ಒಳಗೆ ಕರೆದೊಯ್ದು ಯಂತ್ರ ತೋರಿಸಿದರು. ಎರಡು ಹಗ್ಗದ ಹೊರಸು ಜೋಡಿಸಿದಷ್ಟು ಉದ್ದದ ಮೇಜು. ಅದರ ಮೇಲೆ ಉಕ್ಕಿನ ಪೆಟ್ಟಿಗೆ, ಕೊಳವೆಗಳು.

"ಇದರಾಗ ಒಂದು ಬೆಳಕು ಹುಟ್ಟತೈತಿ. ನೇರಳೆಗಿಂತ ಭಾಳ ಆಚೀದು. ಕಣ್ಣಿಗೆ ಕಾಣಂಗಿಲ್ಲ. ಈ ಬೆಳಕಿಗೆ ಗಾಜು ಅಂದ್ರ ಗ್ವಾಡಿ ಇದ್ದಂಗ. ಗಾಳೀನೂ ಗ್ವಾಡೀನ. ಹಂಗಾಗಿ ಪೆಟಗ್ಯಾಗಿನ ಗಾಳಿ ತಗದೀವಿ. ಮಸೂರ ಇಲ್ಲ."

"ಮಸೂರ ಇಲ್ಲದ ಹೆಂಗ ಕಾಣತೈತ್ರಿ?"

"ನೋಡೂ ಪದಾರ್ಥದ ಮ್ಯಾಲೆ ಬೆಳಕು ಬಿದ್ದು ಚದುರತೈತಿ. ಚದುರಿದ್ದನ್ನ ಕ್ಯಾಮೆರಾ ಹಿಡೀತೈತಿ. ಎಲ್ಲಿ ಎಷ್ಟು ಬೆಳಕು ಬಿತ್ತು, ಅಷ್ಟ ಗೊತ್ತಾಗತೈತಿ. ಯಾವ ಅಲೆ ಮೊದಲು ಬಂತು, ಯಾವುದು ಹಿಂದ ಬಂತು, ಅದು ಹೋಗೇಬಿಡತೈತಿ."

"ಹಾಸಿನ ಎಳಿ ಅರ್ಧಾ ಹರದ್ರ ಖಣ ಹೆಂಗ ನೇಯತೀರಿ?"

ಮಾಸ್ತರರು ನಕ್ಕರು. ಬಹಳ ದಿನದ ಮೇಲೆ ನಕ್ಕಿದ್ದರು.

"ನನ್ನ ಶಿಷ್ಯರು ಎರಡು ವರ್ಷಕ್ಕ ಕೇಳೂ ಪ್ರಶ್ನಿ ನೀ ಎರಡು ನಿಮಿಷಕ್ಕ ಕೇಳಿದಿ. ಹರದದ್ದನ್ನ ಊಹೆ ಮಾಡತೀವಿ. ಊಹೆ ಸರಿ ಐತೇನು ಅಂತ ಕ್ಯಾಮೆರಾ ಹಿಡದ ಚುಕ್ಕಿಗೆ ಹಚ್ಚಿ ನೋಡತೀವಿ. ತಪ್ಪಿದ್ರ ತಿದ್ದತೀವಿ. ಹಿಂಗ ಸಾವಿರ ಸಲ. ಕಂಪ್ಯೂಟರ್ ಮಾಡತೈತಿ."

"ಹಂಗಾರ ಮಾಡಸ್ರಿ."

ಮಾಸ್ತರರು ಇಂದುಮತಿಯನ್ನು ಕರೆದರು. ತುಮಕೂರು ಕಡೆಯವಳು, ಶಿಷ್ಯರಲ್ಲಿ ಕಿರಿಯಳು. ಯಂತ್ರ ನಡೆಸುವುದನ್ನು ಅವಳಿಗೆ ಕಲಿಸಿದವನೇ ಫಕ್ಕೀರೇಶ.

"ಎಷ್ಟು ದಿನ ಬೇಕವ್ವಾ?" ಸಂಗವ್ವ ಕೇಳಿದಳು.

"ಹೇಳೋಕಾಗಲ್ಲಮ್ಮ."

"ಅಮ್ಮ ಅನಬ್ಯಾಡ. ದೂರದಾಕಿ ಮಾತಾಡಿಸಿದಂಗ ಆಗತೈತಿ. ಅವ್ವ ಅನ್ನು."

"ಆಗಲಿ ಅವ್ವ."

"ಹುಣ್ಣಿವಿ ಹುಣ್ಣಿವಿಗೆ ಬರ್ತೀನಿ."

*

ಫಕ್ಕೀರೇಶ ಹುಡುಕುತ್ತಿದ್ದುದು ರೇಷ್ಮೆ ಹುಳುವನ್ನು ಕೊಲ್ಲುವ ಒಂದು ರೋಗದ ಬೀಜಾಣು. ಅದರೊಳಗೆ ನೂಲಿನ ಸುರುಳಿಯಂಥದೊಂದು ಇರುತ್ತದೆ. ಬೀಜಾಣುವನ್ನು ತೆಳುವಾಗಿ ಸೀಳಿ ನೋಡಿದರೆ ಸುತ್ತುಗಳು ಸಾಲು ಬೊಟ್ಟಿನಂತೆ ಕಾಣುತ್ತವೆ. ಹಳೆಯ ರೋಗದ ಬೀಜಾಣುವಿಗೆ ಹನ್ನೆರಡು ಸುತ್ತು. ಅದನ್ನು ಅವನು ಹಿಂದಿನ ವರ್ಷವೇ ಚಿತ್ರವಾಗಿಸಿದ್ದ.

ಈ ವರ್ಷ ಬಂದದ್ದು ಹೊಸ ರೋಗ. ಅದರ ಒಂದೇ ಒಂದು ಸೀಳು ಅವನ ಕೈಗೆ ಸಿಕ್ಕಿತ್ತು. ಸುತ್ತು ಎಷ್ಟು? ಅದೇ ಪ್ರಶ್ನೆ.

ಅವನು ಆ ಸೀಳಿನ ಮೇಲೆ ಇನ್ನೂರು ಸಲ ಬೆಳಕು ಹಾಯಿಸಿದ. ಇನ್ನೂರು ಹಾಳೆ ಚುಕ್ಕಿಗಳು ದಾಖಲಾದವು. ಅಷ್ಟರಲ್ಲಿ ಸೀಳು ಸುಟ್ಟುಹೋಯಿತು. ಈ ಬೆಳಕಿನ ಗುಣವೇ ಅದು. ನೋಡುತ್ತಲೇ ಸುಡುತ್ತದೆ.

ಉಳಿದದ್ದು ಆ ಇನ್ನೂರು ಹಾಳೆ.

ಪ್ರಯೋಗಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಕಂಪ್ಯೂಟರಿನ ಪಕ್ಕ ಒಂದು ಡಬ್ಬಿ ಬಿಳಿಜೋಳ. ಲೆಕ್ಕ ಶುರು ಮಾಡುವವರು ಕಣ್ಣು ಮುಚ್ಚಿ ಒಂದು ಹಿಡಿ ತೆಗೆಯಬೇಕು. ಕಾಳು ಎಣಿಸಬೇಕು. ಆ ಸಂಖ್ಯೆಯನ್ನು ವಹಿಯಲ್ಲಿ ಬರೆದು ಕಂಪ್ಯೂಟರಿಗೆ ಕೊಡಬೇಕು. ಆ ಸಂಖ್ಯೆಯಿಂದ ಕಂಪ್ಯೂಟರು ರಂಗೋಲಿ ಪುಡಿ ಚೆಲ್ಲಿದಂಥ ಅರ್ಥವಿಲ್ಲದೊಂದು ಚಿತ್ರ ಮಾಡಿಕೊಂಡು, ಅಲ್ಲಿಂದ ತಿದ್ದುತ್ತ ಹೋಗುತ್ತದೆ.

ಹೀಗೆ ಏಳು ಹಿಡಿ, ಏಳು ಆರಂಭ. ಏಳರಲ್ಲೂ ಒಂದೇ ಆಗಿ ಮೂಡಿದ್ದನ್ನು ಮಾತ್ರ ನಂಬಬೇಕು.

ಹೊಸದಾಗಿ ಬಂದಾಗ ಇಂದುಮತಿ ಮಾಸ್ತರರನ್ನು ಕೇಳಿದ್ದಳು. "ಸಂಖ್ಯೆಯನ್ನ ನಾವೇ ಯಾವುದಾದರೂ ಕೊಟ್ಟರೆ ಆಗಲ್ವಾ ಸರ್?"

"ಮೊದಲನೇ ಊಹೆ ನಮ್ದಾಗಿರಬಾರದು."

"ಯಾಕೆ ಸರ್?"

"ಜೋಳಕ್ಕ ಆಸೆ ಇಲ್ಲ."

*

ಇಂದುಮತಿ ಏಳು ಹಿಡಿ ಎಣಿಸಿದಳು. ಏಳು ಚಿತ್ರ ಬಂದವು. ಒಂದರಲ್ಲಿ ಮೋಡ, ಒಂದರಲ್ಲಿ ಬೂದಿ, ಒಂದರಲ್ಲಿ ಹರಿದ ಬಟ್ಟೆಯಂಥದು. ಒಂದಕ್ಕೊಂದು ಹೊಂದಲಿಲ್ಲ.

ಮತ್ತೆ ಏಳು. ಮತ್ತೆ ಏಳು.

ಸೀಗಿ ಹುಣ್ಣಿಮೆಗೆ ಸಂಗವ್ವ ಬಂದಳು. ಮೆಟ್ಟಿಲ ಮೇಲೆ ಕೂತು ಸಂಜೆಯ ಬಸ್ಸಿಗೆ ಹೋದಳು.

ಗೌರಿ ಹುಣ್ಣಿಮೆಗೆ ಬಂದಳು. ಇಂದುಮತಿ ಅವಳ ಪಕ್ಕ ಬಂದು ಕೂತಳು.

"ಇನ್ನೂ ಆಗಿಲ್ಲ ಅವ್ವ."

"ರೊಟ್ಟಿ ತಿನ್ನು. ಸೊರಗಿ ಹೋಗೀದಿ. ನಿಮ್ಮ ಕಡೆ ಬರೇ ಮುದ್ದಿ ನುಂಗತೀರಂತ, ಹಲ್ಲಿಗೆ ಕೆಲಸಾನ ಇಲ್ಲಂತ. ಅವ ಹೇಳತಿದ್ದ."

"ಫಕ್ಕೀರೇಶಣ್ಣ ನನ್ನ ಮುಂದೆ ನಿಮ್ಮ ರೊಟ್ಟಿ ಮುರಿದು ಸದ್ದು ಮಾಡಿ ತೋರಿಸ್ತಿದ್ದ. ಹಂಚೋದು ಮಾತ್ರ ಇಲ್ಲ."

ಸಂಗವ್ವ ನಗಲು ಹೋದಳು. ನಗು ಅರ್ಧಕ್ಕೆ ನಿಂತಿತು.

"ಹೋದ ವರ್ಷದ ದೀಪಾವಳಿಗೆ ಒಂದು ಚಿತ್ರ ತಂದು ತೋರಿಸಿದ್ದ. ಹನ್ನೆರಡು ಬೊಟ್ಟು. ಅವ್ವಾ, ಇಂಥಾದ್ದನ್ನ ಖಣದಾಗ ತಗೀತೀಯೇನು ಅಂದ. ಹೋಗಲೋ, ರೋಗದ ಚಿಕ್ಕಿ ಇರೋ ಕುಬಸ ಯಾರು ತೊಡತಾರ ಅಂದೆ. ತಗದಿದ್ರ ಏನಾಗತಿತ್ತು ನನಗ?"

ಇಂದುಮತಿ ರೊಟ್ಟಿ ಮುರಿದಳು.

"ಮಂದಿ ಮಕ್ಕಳು ಸತ್ರ ಫೋಟೋ ಇಡತಾರ. ಅವನ ಫೋಟೋ ನನ್ನ ಹತ್ರ ಐತಿ. ಆದ್ರ ಅವನ ಕಣ್ಣು ಕಡೀಗೆ ಏನು ನೋಡಿತೋ, ಅದು ನನಗ ಬೇಕವ್ವಾ. ಬ್ಯಾರೆ ಏನೂ ಬ್ಯಾಡ."

ಆ ಮಾತು ಇಂದುಮತಿಯನ್ನು ಬಿಡಲಿಲ್ಲ.

ಹೊಸ್ತಿಲ ಹುಣ್ಣಿಮೆಗೆ ಎರಡು ದಿನ ಇತ್ತು. ಮಾಸ್ತರರು ಪರೀಕ್ಷೆಯ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಇಂದುಮತಿ ಜೋಳದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಫಕ್ಕೀರೇಶನ ಹಿಂದಿನ ವರ್ಷದ ಚಿತ್ರವನ್ನು ತೆಗೆದು, ಅದನ್ನೇ ಮೊದಲ ಊಹೆಯಾಗಿ ಕಂಪ್ಯೂಟರಿಗೆ ಕೊಟ್ಟಳು.

ರೋಗ ಬೇರೆಯಾದರೂ ಜಾತಿ ಒಂದೇ. ಹತ್ತಿರದಿಂದ ಹೊರಟರೆ ಬೇಗ ತಲುಪಬಹುದು. ಹೀಗೆ ಅಂದುಕೊಂಡಳು.

ಚಿತ್ರ ಮೂಡಿತು. ಅಚ್ಚುಕಟ್ಟಾದ ಬೀಜಾಣು, ಒಳಗೆ ಸಾಲಾಗಿ ಬೊಟ್ಟುಗಳು. ಎಣಿಸಿದಳು. ಹನ್ನೆರಡು.

ನಲವತ್ತು ಸಲ ತಿದ್ದಿದ ಮೇಲೆ ಕಂಪ್ಯೂಟರನ್ನು ನಿಲ್ಲಿಸಿದಳು. ಅಲ್ಲಿಂದ ಮುಂದಕ್ಕೆ ಬಿಟ್ಟಾಗ ಚಿತ್ರ ಮಸುಕಾಗುತ್ತಿತ್ತು.

ಹುಣ್ಣಿಮೆಯ ದಿನ ಸಂಗವ್ವ ಬಂದಾಗ ಇಂದುಮತಿ ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ ಇಟ್ಟಿದ್ದಳು.

ಸಂಗವ್ವ ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಬಹಳ ಹೊತ್ತು ನೋಡಿದಳು.

"ಇದನ್ನ ಅವ ಕಂಡದ್ದೇನು?"

"ಹೌದು ಅವ್ವ."

ಸಂಗವ್ವ ಅದನ್ನು ಸೆರಗಿನಲ್ಲಿ ಸುತ್ತಿ, ಊಟಕ್ಕೂ ನಿಲ್ಲದೆ ಹೋದಳು.

*

ಇಪ್ಪತ್ತು ದಿನದ ಮೇಲೆ ಮಾಸ್ತರರು ಮರಳಿ ಬಂದರು. ಇಂದುಮತಿ ಚಿತ್ರ ತೋರಿಸಿದಳು.

ಮಾಸ್ತರರು ಕನ್ನಡಕ ಏರಿಸಿ ನೋಡಿದರು.

"ಎಷ್ಟು ಕಾಳು?"

ಇಂದುಮತಿ ಜೋಳದ ಡಬ್ಬಿಯ ಕಡೆ ನೋಡಿದಳು.

"ವಹಿ ತಗೊಂಡು ಬಾ."

"ವಹಿಯಲ್ಲಿ ಬರೆದಿಲ್ಲ ಸರ್. ಅಣ್ಣನ ಹಳೇ ಚಿತ್ರದಿಂದ ಶುರು ಮಾಡಿದೆ."

ಮಾಸ್ತರರು ಬೈಯಲಿಲ್ಲ. ಯಂತ್ರದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಹೊರಗೆ ಬಂದು ಹೇಳಿದರು. "ಇನ್ನೂರು ಹಾಳಿ ತಗದೀನಿ. ನಿನ್ನ ದಾರಿಯೊಳಗ ಇವನ್ನೂ ಚಿತ್ರ ಮಾಡು."

ಅವಳು ಮಾಡಿದಳು. ಅದೇ ಹಳೆಯ ಚಿತ್ರದಿಂದ ಹೊರಟು, ನಲವತ್ತು ಸಲ ತಿದ್ದಿದಳು. ಬೀಜಾಣು ಮೂಡಿತು.

"ಚೆನ್ನಾಗಿ ಬಂದಿದೆ ಸರ್. ಹನ್ನೆರಡು ಸುತ್ತು. ಯಾವ ಊರಿನ ಹುಳುವಿನದು ಇದು?"

"ಯಾವ ಊರಿಂದೂ ಅಲ್ಲ. ಪೆಟ್ಟಿಗಿ ಖಾಲಿ ಇತ್ತು."

"ಅಂದ್ರೆ?"

"ಸೀಳು ಇಟ್ಟಿರಲಿಲ್ಲ. ಬೆಳಕೂ ಹಚ್ಚಿರಲಿಲ್ಲ. ಕತ್ತಲೀನ ಇನ್ನೂರು ಸಲ ಹಿಡದೀನಿ."

ಇಂದುಮತಿ ಪರದೆಯನ್ನು ನೋಡುತ್ತ ನಿಂತಳು. ಕತ್ತಲಿನಲ್ಲಿ ಹನ್ನೆರಡು ಬೊಟ್ಟು ನೆಟ್ಟಗೆ ಸಾಲಾಗಿ ಇದ್ದವು.

"ಆ ತಾಯಿಗೆ ಏನಾದ್ರೂ ಕೊಡಬೇಕಿತ್ತು ಸರ್."

"ಕೊಡಬೇಕಿತ್ತು."

"ಕೊಟ್ಟುಬಿಟ್ಟಿದ್ದೀನಿ."

ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಕೊಟ್ಟ ಕೈನ ಇಸಗೊಂಡು ಬರಬೇಕು."

"ನನ್ನಿಂದ ಆಗಲ್ಲ ಸರ್. ಅದನ್ನ ಹ್ಯಾಗೆ ಕೇಳಲಿ? ಅವರು ಅದನ್ನ ಕಣ್ಣಿಗೆ ಒತ್ತಿಕೊಂಡರು."

"ಅದಕ್ಕ ಹೋಗಬೇಕು. ನಾಲ್ಕು ದಿನ ತಡಿ, ನಂದೊಂದು ಕೆಲಸ ಐತಿ. ಆಮ್ಯಾಲೆ ನಾನೂ ಬರ್ತೀನಿ."

*

ಐದನೆಯ ದಿನ ಬೆಳಗಿನ ಬಸ್ಸಿಗೆ ಇಬ್ಬರೂ ಗುಳೇದಗುಡ್ಡಕ್ಕೆ ಹೋದರು. ಮಾಸ್ತರರ ಬಗಲಲ್ಲಿ ಒಂದು ಕಾಗದದ ಕಟ್ಟು ಇತ್ತು. ಏನೆಂದು ಇಂದುಮತಿ ಕೇಳಲಿಲ್ಲ.

ಸಂಗವ್ವನ ಮನೆ ಒಂದೇ ಪಡಸಾಲೆ. ಅರ್ಧ ಮಗ್ಗ, ಅರ್ಧ ಸಂಸಾರ. ಲಾಳಿಯ ಸದ್ದು ನಿಂತಿತು.

"ಮಾಸ್ತರ್ರ ಬಂದ್ರ್ಯಾ! ಬರ್ರಿ. ನೀನೂ ಬಂದ್ಯಾ ತಂಗೀ? ಕೂಡ್ರು. ಚಾ ಇಡತೀನಿ. ನಿಮ್ಮ ಊರಿನಂಗ ನೀರ ಚಾ ಅಲ್ಲ ಮತ್ತ."

ಇಂದುಮತಿ ಗೋಡೆ ನೋಡಿದಳು. ಫಕ್ಕೀರೇಶನ ಫೋಟೋ ಇತ್ತು, ಹೂವು ಇತ್ತು. ಅದರ ಪಕ್ಕದ ಮೊಳೆಗೆ ಅವಳು ಕೊಟ್ಟ ಚಿತ್ರ ತೂಗುಹಾಕಿತ್ತು. ಆದರೆ ಅದರ ಮುಖ ಗೋಡೆಯ ಕಡೆಗಿತ್ತು. ಕಾಣುತ್ತಿದ್ದುದು ಹಿಂಬದಿಯ ರಟ್ಟು.

"ಅವ್ವಾ, ಆ ಚಿತ್ರ..."

"ಅದರ ಮಾತು ಬ್ಯಾಡ ತಂಗಿ."

ಸಂಗವ್ವ ಚಹಾ ಕೊಟ್ಟಳು. ಎದ್ದು ಹೋಗಿ ಬೀದಿಯ ಬಾಗಿಲು ಮುಂದೆ ಮಾಡಿ ಬಂದಳು. ಮಾಸ್ತರರ ಎದುರು ಕೂತು, ದನಿ ತಗ್ಗಿಸಿದಳು.

"ಒಂದು ಮಾತು ಕೇಳತೀನಿ. ಓಣ್ಯಾಗ ಯಾರಿಗೂ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ. ನನ್ನ ಮಗ ಕಳವು ಮಾಡಿದ್ನೇನ್ರಿ?"

ಇಂದುಮತಿ ಚಹಾದ ಬಟ್ಟಲು ಕೆಳಗಿಟ್ಟಳು.

ಸಂಗವ್ವ ಟ್ರಂಕಿನಿಂದ ಒಂದು ಕಾಗದ ತೆಗೆದಳು. ಹೋದ ವರ್ಷದ ದೀಪಾವಳಿಗೆ ಮಗ ತಂದಿದ್ದ ಚಿತ್ರ. ಗೋಡೆಯ ಮೇಲಿನದನ್ನೂ ಇಳಿಸಿ ತಂದು ಪಕ್ಕಪಕ್ಕ ಇಟ್ಟಳು. ಬೊಟ್ಟುಗಳ ಮೇಲೆ ಅಡ್ಡಲಾಗಿ ಕೂದಲೆಳೆಯಷ್ಟು ಸಣ್ಣ ಗೀರಿತ್ತು. ಬೀಜಾಣುವನ್ನು ಸೀಳುವಾಗ ಅಲಗು ತಾಗಿ ಬಿದ್ದ ಗೀರು. ಎರಡರಲ್ಲೂ ಇತ್ತು. ಒಂಬತ್ತನೆಯ ಬೊಟ್ಟಿನಲ್ಲಿ ಶುರುವಾಗಿ ಹತ್ತರ ಅಂಚಿಗೆ ನಿಂತಿತ್ತು. ಎರಡರಲ್ಲೂ.

"ಮೂವತ್ತು ವರ್ಷ ನೇಯ್ದೀನ್ರಿ. ಎರಡು ಖಣಕ್ಕ ಒಂದ ಜಾಗಾದಾಗ ಒಂದ ತಪ್ಪು ಬೀಳಂಗಿಲ್ಲ. ಬಿದ್ರ ಅದು ಎರಡು ಖಣ ಅಲ್ಲ."

ಮಾಸ್ತರರು ತಲೆದೂಗಿದರು.

"ಮನಿಗೆ ತಂದ ದಿನಾನ ಕಂಡೆ. ಜ್ವರದಾಗ ಆಗಲಿಲ್ಲಂತ ಹಳೇದನ್ನ ಹೊಸಾದು ಅಂತ ಇಟ್ಟನೇನು? ನನಗ ಫೋನಿನಾಗ ಸುಳ್ಳು ಹೇಳಿದ್ನೇನು? ಇಪ್ಪತ್ತೈದು ದಿನ ಆತು. ಅವನ ಮಾರಿ ನೆನಸಿದ್ರ ಅಳು ಬರವಲ್ದು. ಸಿಟ್ಟು ಬರತೈತಿ."

"ಅವ್ವಾ, ಅಣ್ಣ ಮಾಡಿದ್ದಲ್ಲ. ನಾನು ಮಾಡಿದ್ದು."

ಸಂಗವ್ವ ತಿರುಗಿದಳು.

"ಅಣ್ಣನ ಹಾಳೆಯಿಂದ ಚಿತ್ರ ಬರಲಿಲ್ಲ. ಮೂರು ತಿಂಗಳು ಮಾಡಿದೆ. ನೀವು ಪ್ರತಿ ಹುಣ್ಣಿಮೆಗೂ ಬಂದು ಮೆಟ್ಟಿಲ ಮೇಲೆ ಕೂರ್ತಿದ್ರಿ. ನನಗೆ ನೋಡೋಕಾಗಲಿಲ್ಲ. ಹಳೇ ಚಿತ್ರವನ್ನೇ ಕಂಪ್ಯೂಟರಿಗೆ ಕೊಟ್ಟು ಹೊಸದು ಅಂತ ತೆಗೆಸಿದೆ. ಬೊಟ್ಟು ಎಣಿಸಿದೆ, ಗೀರು ನೋಡಲಿಲ್ಲ."

"ನೀ ಮಾಡಿದ್ದಾ?"

"ನಾನೇ."

"ಅವ ಅಲ್ಲ?"

"ಅಣ್ಣ ಯಾವತ್ತೂ ಹಾಗೆ ಮಾಡಿದವನಲ್ಲ. ಜೋಳ ಎಣಿಸೋವಾಗ ಒಂದು ಕಾಳು ಕೆಳಗೆ ಬಿದ್ರೂ ಮೇಜಿನ ಕೆಳಗೆ ತೂರಿ ಹುಡುಕ್ತಿದ್ದ."

ಸಂಗವ್ವ ಮಗನ ಫೋಟೋ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಇಪ್ಪತ್ತೈದು ದಿನ ಸತ್ತ ಮಗನ್ನ ಬೈದೀನಲ್ಲವ್ವಾ ನಾ. ಹೂವು ಏರಿಸೂವಾಗೂ ಬೈದೀನಿ."

ಆಗ ಅವಳಿಗೆ ಅಳು ಬಂತು. ಇಂದುಮತಿ ಅವಳ ಕಾಲು ಮುಟ್ಟಲು ಬಾಗಿದಳು. ಸಂಗವ್ವ ಕಾಲು ಹಿಂದೆ ಎಳೆದುಕೊಂಡಳು.

"ಬ್ಯಾಡ. ಇವತ್ತ ಬ್ಯಾಡ."

ಅತ್ತು ಮುಗಿದ ಮೇಲೆ ಕಟ್ಟು ಹಾಕಿದ ಚಿತ್ರವನ್ನು ಎತ್ತಿ ಇಂದುಮತಿಯ ತೊಡೆಯ ಮೇಲಿಟ್ಟಳು.

"ತಗೊಂಡು ಹೋಗು. ಹಂಗಾರ ಮಾಸ್ತರ್ರ, ನನ್ನ ಮಗ ಕಂಡದ್ದು ಏನ್ರಿ?"

"ಬೀಜಾಣು ಕಾಣಲಿಲ್ಲವ್ವಾ. ಇನ್ನ ಮುಂದೂ ಕಾಣಂಗಿಲ್ಲ."

"ಯಾಕ್ರಿ?"

"ಬೆಳಕು ಹಚ್ಚಿದಾಗ ನಮ್ಮ ಮೇಜು ಯಾರೂ ಮುಟ್ಟಬಾರದು. ಕೂದಲೆಳಿಯಷ್ಟು ಅಲುಗಿದ್ರೂ ಹಾಳಿ ಕೆಡತಾವ. ಅವನ ಹಾಳಿ ಅಲುಗ್ಯಾವ. ಯಾಕ ಅಲುಗಿದ್ವು ಅಂತ ನನಗ ತಿಳಿದಿರಲಿಲ್ಲ. ಮೊನ್ನೆ ನಾನ ಆ ಮೇಜಿಗೆ ಒರಗಿ ಕೂತು ಬೆಳಕು ಹಚ್ಚಿ ನೋಡಿದೆ. ನನ್ನ ಹಾಳೀನೂ ಹಂಗ ಅಲುಗಿದ್ವು."

"ಅಂದ್ರ?"

"ಅವಗ ನಿಲ್ಲಾಕ ಆಗಿಲ್ಲ. ಮೇಜಿಗೆ ಒರಗಿ ಕೂತಾನ."

ಸಂಗವ್ವನ ಕೈ ಸೆರಗಿನ ತುದಿಯನ್ನು ಹಿಡಿಯಿತು.

"ಯಾರೂ ಇರಲಿಲ್ಲೇನ್ರಿ ಹತ್ರ?"

"ನಾ ಇದ್ದೆ. ಬಾಜೂ ಕೋಣ್ಯಾಗ ಇದ್ದೆ. ಮಾರಿ ಕೆಂಪಾಗೈತಿ, ಮನಿಗೆ ಹೋಗಂದೆ. ಇದೊಂದು ಮುಗಸ್ತೀನಿ ಸರ ಅಂದ. ನಾ ಮತ್ತ ಹೇಳಲಿಲ್ಲ. ಆ ಹಾಳಿ ನನಗೂ ಬೇಕಿದ್ವು."

ಇಂದುಮತಿ ಗುರುವಿನ ಮುಖ ನೋಡಿದಳು. ಅವರು ಸಂಗವ್ವನನ್ನೇ ನೋಡುತ್ತಿದ್ದರು.

ಹೊರಗೆ ಓಣಿಯಲ್ಲಿ ಬೇರೆ ಮನೆಗಳ ಲಾಳಿ ಓಡುತ್ತಿದ್ದವು.

ಮಾಸ್ತರರು ಬಗಲಿನ ಕಟ್ಟು ಬಿಚ್ಚಿದರು. ಫಕ್ಕೀರೇಶ ಹಿಡಿದ ಇನ್ನೂರು ಹಾಳೆ, ಅಂಗೈಯಗಲಕ್ಕೆ ಕರಿದಾಗಿ ಅಚ್ಚು ಹಾಕಿಸಿದ್ದವು. ಒಂದೊಂದರ ನಡುವೆ ಒಂದು ಬಿಳಿ ಚುಕ್ಕಿ, ಸುತ್ತ ಬೂದು ಧೂಳು.

ಸಂಗವ್ವ ಮೇಲಿನದನ್ನು ತೆಗೆದು ನೋಡಿದಳು. ಅದರ ಕೆಳಗಿನದನ್ನು ನೋಡಿದಳು. ಇನ್ನೊಂದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದರಾಗ ಏನೂ ಕಾಣವಲ್ದಲ್ರಿ."

ಮಾಸ್ತರರು ಕಟ್ಟನ್ನು ಜೋಡಿಸಿ ಅವಳ ಕಣ್ಣ ಮುಂದೆ ಹಿಡಿದರು. ಹೆಬ್ಬೆರಳಿನಿಂದ ಹಾಳೆಗಳನ್ನು ಒಂದೊಂದಾಗಿ ಸರಸರ ಬಿಟ್ಟರು.

ಬಿಳಿ ಚುಕ್ಕಿ ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಎಡಕ್ಕೆ ಹೋಯಿತು. ಬಲಕ್ಕೆ ಬಂತು.

"ಏನಿದು ಮಾಸ್ತರ್ರ?"

"ಅವನ ಉಸುರು, ಸಂಗವ್ವಾ. ಇನ್ನೂರನೇ ಹಾಳಿ ತನಕ ಐತಿ."